ಭಗಣವಲ್ಲ, ಜಗಣ

ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವ ಪ್ರಶ್ನೆ ಒಂದೇ. "ಮೇಡಂ, ನಿಮಗೇ ಬಾರದ ಭಾಷೆಯ ರೋಗಿಗೆ ಮಾತು ಹೇಗೆ ಬರಿಸಿದಿರಿ?" ನಾನು ಗಂಡನ ಜೊತೆ ಇಷ್ಟು ವರ್ಷ ಅಚ್ಚಕನ್ನಡದಲ್ಲೇ ಮಾತಾಡಿದ್ದೇನೆ, ಅವರಿಗೆ ಎಷ್ಟು ಅರ್ಥವಾಗಿದೆ ಕೇಳಿ ನೋಡಿ, ಆಮೇಲೆ ಭಾಷೆಯ ವಿಷಯಕ್ಕೆ ಬರೋಣ ಎನ್ನುತ್ತೇನೆ. ನಗುತ್ತಾರೆ. ಆದರೆ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಅದಕ್ಕೆ ನಿಂತ ನಿಲುವಿನಲ್ಲಿ ಕೊಡುವಂಥ ಉತ್ತರ ನನ್ನ ಹತ್ತಿರ ಇಲ್ಲ. ಒಮಾನಿನಲ್ಲಿ ಕಂಡ ಕೆಲವು ಜನರಿದ್ದಾರೆ. ಬಡ್ತಿ, ಶಾಲು, ಹಾರ ಇವನ್ನೆಲ್ಲ ಬಿಟ್ಟು ಅವರ ವಿಷಯ ಬರೆಯುತ್ತೇನೆ.

ನಾನು ಮೈಸೂರಿನವಳು, ಓದಿದ್ದೂ ಅಲ್ಲೇ. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ, ತೊದಲುವ ಮಕ್ಕಳಿಗೆ, ಗಂಟಲು ಕೆಟ್ಟವರಿಗೆ ಚಿಕಿತ್ಸೆ ಕೊಡುವ ವಿದ್ಯೆ ನನ್ನದು. ನಮ್ಮ ಬೀದಿಯವರು 'ಮಾತಿನ ಡಾಕ್ಟರು' ಅನ್ನುತ್ತಿದ್ದರು. ಡಾಕ್ಟರ ಸಂಬಳವೂ ಇಲ್ಲ, ಮೇಷ್ಟ್ರ ರಜೆಯೂ ಇಲ್ಲ, ಆ ಮಾತು ಬೇರೆ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಗಂಡನ ಕೆಲಸದ ಬೆನ್ನು ಹತ್ತಿ ಮಸ್ಕತ್ತಿಗೆ ಹೋದೆ. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯವರು ಎಕ್ಸ್‌ರೇ ವಿಭಾಗದ ಪಕ್ಕದಲ್ಲಿ, ಆಕ್ಸಿಜನ್ ಸಿಲಿಂಡರ್ ಇಡುತ್ತಿದ್ದ ಕೋಣೆಯನ್ನು ತೆರವು ಮಾಡಿ, ಇದೇ ನಿಮ್ಮ ವಿಭಾಗ ಎಂದರು. ಒಂದು ಕನ್ನಡಿ, ಒಂದು ಟೇಪ್ ರೆಕಾರ್ಡರ್, ನಾಲಿಗೆ ಒತ್ತುವ ಮರದ ಕಡ್ಡಿಗಳು, ಮೈಸೂರಿನಿಂದ ಕಟ್ಟಿಕೊಂಡು ಹೋದ ಚಿತ್ರಗಳ ಕಟ್ಟು, ಇಷ್ಟು ನನ್ನ ಆಸ್ತಿ.

ಆ ಚಿತ್ರಗಳೇ ನನ್ನನ್ನು ಮೊದಲು ಪೇಚಿಗೆ ಸಿಕ್ಕಿಸಿದವು. ಸೂರ್ ಪಟ್ಟಣದಲ್ಲಿ ಮರದ ಹಾಯಿಹಡಗು ಕಟ್ಟುತ್ತಿದ್ದ ಒಬ್ಬ ಮುದುಕರನ್ನು ಅವರ ಮಗ ಕರೆತಂದ. ಪಾರ್ಶ್ವವಾಯುವಾಗಿ, 'ಖಲಾಸ್' ಎಂಬ ಒಂದೇ ಮಾತು ಬಾಯಲ್ಲಿ ಉಳಿದಿತ್ತು. ಮುಗಿಯಿತು ಎಂದು ಅದರ ಅರ್ಥ. ಊಟ ಬೇಕಾ ಅಂದರೂ ಖಲಾಸ್, ಮಗ ಬಂದರೂ ಖಲಾಸ್. ನಾನು ಶಿಸ್ತಾಗಿ ಎತ್ತಿನಗಾಡಿಯ ಚಿತ್ರ ತೋರಿಸಿ, ಇದೇನು ಎಂದು ಕೇಳಿದೆ. ಗೊತ್ತಿರುವುದನ್ನೇ ಹೇಳಲಾಗದೆ ಒದ್ದಾಡುತ್ತಿದ್ದವರಿಗೆ, ಹುಟ್ಟಿದಾಗಿನಿಂದ ಕಾಣದ್ದನ್ನು ತೋರಿಸಿ ಕೇಳಿದ್ದೆ. ಪಾಪ, ಅವರು ನನ್ನ ಮೇಲೆ ಕನಿಕರಪಟ್ಟವರಂತೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ, ಡಾಕ್ಟರರು ಮಂಡಿ ತಟ್ಟಿ ನೋಡುವ ಪುಟ್ಟ ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಮೇಜಿಗೆ ಬಡಿದರು. ಒಂದು ಏಟಿಗೆ "ವಾಹದ್", ಇನ್ನೊಂದಕ್ಕೆ "ಇಥ್ನೇನ್", ಮತ್ತೊಂದಕ್ಕೆ "ಥಲಾಥಾ". ಒಂದು, ಎರಡು, ಮೂರು! ಏಟು ನಿಂತರೆ ಮಾತೂ ನಿಲ್ಲುತ್ತಿತ್ತು. ಬಾಗಿಲಲ್ಲಿದ್ದ ನಮ್ಮ ಸಲೀಮ್, ಗಾಲಿಕುರ್ಚಿ ತಳ್ಳುವ ಒಮಾನಿ, ತನ್ನ ಹಿಂದಿಯಲ್ಲಿ, "ಮೇಡಂ, ಬಾಬಾ ಕಾ ಹಾಥ್ ಬೋಲ್ತಾ ಹೈ," ಎಂದ. ಬಾಬಾರ ಕೈ ಮಾತಾಡುತ್ತದೆ. ಎಡಗೈಯಲ್ಲಿ ತಾಳ ತಟ್ಟಿದರೆ ಸಿಕ್ಕಿಬಿದ್ದ ಮಾತು ಹೊರಡುತ್ತದೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಪಾಠ ಅವತ್ತು ತಲೆಗೆ ಹತ್ತಿತು.

ಇನ್ನೊಂದು ತಪ್ಪು ನನ್ನೊಬ್ಬಳದಲ್ಲ, ಆ ಕಾಲದ ನಮ್ಮೆಲ್ಲರದು. ಮಾತು ತಡವಾದ ಮಗುವಿಗೆ ಮನೆಯಲ್ಲಿ ಒಂದೇ ಭಾಷೆ ಮಾತಾಡಿ ಎಂದು ಹೇಳುತ್ತಿದ್ದೆವು. ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ ಮನೆ ಮಾಡಿದ್ದ ಬೆಂಗಳೂರಿನ ಒಬ್ಬ ತಾಯಿ ಅದನ್ನು ಶಿರಸಾವಹಿಸಿ ಕನ್ನಡವನ್ನೇ ಬಿಟ್ಟರು. ಕೆಲವು ತಿಂಗಳ ಮೇಲೆ ಬಂದು, "ಮೇಡಂ, ನಮ್ಮ ಇಂಗ್ಲಿಷ್ ಕೇಳಿ ಕೇಳಿ ಮಗು ಇನ್ನೂ ಸುಮ್ಮನಾಗಿಬಿಟ್ಟಿದೆ. ಜೋಗುಳ ಕೂಡ ಹಾಡೋ ಹಾಗಿಲ್ಲ ಅಂದ್ರೆ ಹೇಗೆ?" ಎಂದು ಅತ್ತರು. ಹಾಡಿ, ಧಾರಾಳವಾಗಿ ಹಾಡಿ ಎಂದೆ. ಮುಂದೆ ಶಾಸ್ತ್ರವೂ ಅದನ್ನೇ ಹೇಳಿತು. ಮನಸ್ಸು ಯಾವ ಭಾಷೆಯಲ್ಲಿ ನೋಯುತ್ತದೋ ಅದೇ ಭಾಷೆಯಲ್ಲಿ ಚಿಕಿತ್ಸೆ ಕೊಡಬೇಕು ಎಂದು ಅಲ್ಲಿಂದ ಹಟ ಹಿಡಿದೆ. ಆ ಹಟವೇ ಮುಂದೆ ನನ್ನನ್ನು ಡಚ್ ಭಾಷೆಯ ಕೊರಳಿಗೆ ಕಟ್ಟಿತು.

ಹೆಂಕ್ ಹಾಲೆಂಡಿನವರು, ಅರವತ್ತರ ಅಂಚಿನ ಆಜಾನುಬಾಹು. ಕಡಲ ಹೂಳೆತ್ತಿ ಹಡಗುಕಟ್ಟೆ ಕಟ್ಟುವ ಒಂದು ಕಂಪನಿಯಲ್ಲಿ, ಸೂರ್‌ನಿಂದ ಆಚೆಗಿನ ಕೆಲಸದ ಜಾಗಕ್ಕೆ ಅವರೇ ಮುಖ್ಯಸ್ಥರು. ಒಂದು ಬೆಳಿಗ್ಗೆ ಬಲಭಾಗ ಬಿದ್ದುಹೋಗಿ ನಮ್ಮಲ್ಲಿಗೆ ಬಂದರು. ಇಂಗ್ಲಿಷ್ ಪೂರ್ತಿ ಅಳಿಸಿಹೋಗಿತ್ತು. ಡಚ್ಚಿನಲ್ಲಿ ಉಳಿದದ್ದು 'ಯಾ' ಎಂಬ ಹೌದು ಮತ್ತು ಕೆಲವು ಬೈಗುಳ. ಬೈಗುಳ ಮಾತ್ರ ಸ್ಪಷ್ಟ. ಈ ಕಾಯಿಲೆಯಲ್ಲಿ ಅದು ಹಾಗೇ. ಮಿದುಳು ಬೈಗುಳವನ್ನು ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತದೆ. ಖಕಾರ ತುಂಬಿದ ಆ ಬೈಗುಳ ಕೇಳಿ ಸಲೀಮ್‌ಗೆ ಖುಷಿಯೋ ಖುಷಿ. "ಗಂಟಲಿಂದ ಮಾತಾಡ್ತಾನೆ ಮೇಡಂ, ನಮ್ಮವನೇ!" ಎಂದ.

ಆದರೆ ಆ 'ಯಾ' ನಂಬುವಂಥದ್ದಲ್ಲ. ನನ್ನ ಮೇಲಿನ ಅಧಿಕಾರಿ, ನರರೋಗ ತಜ್ಞ ಡಾಕ್ಟರ್ ಕುರಿಯನ್, ಕೊಟ್ಟಾಯಂ ಕಡೆಯವರು. ಅವರು "ನಿಮ್ಮ ಹೆಸರು ಹೆಂಕ್ ತಾನೇ?" ಎಂದರು. "ಯಾ." "ನೀವು ಹೆಂಗಸು ತಾನೇ?" "ಯಾ." ಕಂಪನಿಯ ಮಸ್ಕತ್ ಕಚೇರಿಯ ಮ್ಯಾನೇಜರ್ ಪೀಟರ್ ಎಂಬ ಡಚ್ಚರು ಬಂದು ಅವರ ಭಾಷೆಯಲ್ಲೇ ಏನೇನೋ ಕೇಳಿದರು. ಎಲ್ಲಕ್ಕೂ ಯಾ. ಪೀಟರ್ ಕೈಚೆಲ್ಲಿ ಹೊರಟುಹೋದರು.

"ವಸುಧಾ, ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ, ಇಂಗ್ಲಿಷಿನಲ್ಲೇ ಶುರು ಮಾಡಿ," ಎಂದರು ಕುರಿಯನ್. ಅವರಿಗೆ ಸಾರು ಉಪ್ಪಾದರೂ ಪ್ರಾಕ್ಟಿಕಲ್ ಆಗಿಯೇ ಉಪ್ಪಾಗಬೇಕು. ಆಗುವುದಿಲ್ಲ ಸರ್, ಅವರ ಭಾಷೆಯಲ್ಲೇ ಆಗಬೇಕು ಎಂದೆ. ಹಾಗಾದರೆ ನೀವೇ ಕಲಿತುಕೊಳ್ಳಿ ಎಂದು ನಕ್ಕರು. ಹೆಂಕರ ಹೆಂಡತಿ ಮರೈಕೆ ಆಗತಾನೇ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರಿಂದ ಊರಿನಿಂದ ಹೊರಡುವುದು ತಡವಾಗಿತ್ತು. ಒಂದು ಜೇಬು ನಿಘಂಟು ಕೊಂಡುಕೊಂಡು ಕೂತೆ.

ಕೈ ತಟ್ಟುವುದರಿಂದಲೇ ಆರಂಭಿಸಿದೆ. ಅವರ ಎಡಗೈಯನ್ನು ಹಿಡಿದು ಮೇಜಿನ ಮೇಲೆ ತಟ್ಟುತ್ತ ಎಣಿಕೆ, ವಾರಗಳ ಹೆಸರು. ಒಂದು ದಿನ ಅವರು ತಾವಾಗಿಯೇ, ನನ್ನ ಮುಖವನ್ನೇ ನೋಡುತ್ತ ಒಂದು ಪದ ಹೇಳಿದರು. ಮತ್ತೆ ಹೇಳಿದರು. ಹಣೆಯಲ್ಲಿ ಬೆವರು. ನಾನು ಕೇಳಿದ್ದನ್ನು ಮರೆಯದಿರಲೆಂದು ಕೂಡಲೇ ಕನ್ನಡದಲ್ಲಿ ಗೀಚಿಕೊಂಡೆ: ಡೈಕ್ರಂಪ್. ನಿಘಂಟಿನಲ್ಲಿ ಆ ಇಡೀ ಪದ ಇರಲಿಲ್ಲ. ಡಚ್ಚರು ಪದಕ್ಕೆ ಪದ ಅಂಟಿಸಿ ರೈಲುಗಾಡಿ ಮಾಡುವವರು. ಬೋಗಿ ಬಿಚ್ಚದೆ ಅರ್ಥ ಸಿಗುವುದಿಲ್ಲ. ಸರಿ, ಬಿಚ್ಚಿದೆ. 'ಡೈ' ಎಂದರೆ ತೊಡೆ. 'ಕ್ರಂಪ್' ಎಂದರೆ ಸೆಳೆತ. ತೊಡೆಸೆಳೆತ! ಬಲಗಾಲು ಬಿದ್ದ ಮನುಷ್ಯ, ಇನ್ನೇನು ಹೇಳಿಯಾನು? ನಾನು ಬಹಳ ಬೀಗಿದೆ.

ಕಾಲಿನ ವ್ಯಾಯಾಮ ಮಾಡಿಸುವ ಗ್ಲಾಡಿಸ್ ಮಂಗಳೂರಿನವಳು. ಅವಳಿಗೆ ಸುದ್ದಿ ಮುಟ್ಟಿಸಿದೆ. ಅವಳು ಎಣ್ಣೆ ಹಚ್ಚಿ ತೊಡೆ ನೀವಿದ್ದೇ ನೀವಿದ್ದು. ಹೆಂಕ್ ಎಡಗೈಯಿಂದ ಅವಳ ಕೈಯನ್ನು ತಳ್ಳಿ ಡೈಕ್ರಂಪ್, ಡೈಕ್ರಂಪ್ ಎಂದು ಕಿರುಚುತ್ತಿದ್ದರು. ಅವರು ಕಿರುಚಿದಷ್ಟೂ ಇವಳು ಜೋರಾಗಿ ನೀವುವಳು.

"ಎಂತ ಮೇಡಂ ಇದು? ಇಷ್ಟು ಉಜ್ಜಿದ್ರೂ ನೋವು ಹೋಗುದಿಲ್ಲ ಅಂತಾರಲ್ಲ. ಇವರು ಬೊಬ್ಬೆ ಹಾಕುದು ನೋಡಿದ್ರೆ ನಂಗೇ ತೊಡೆ ಹಿಡ್ಕೊಂಡ ಹಾಗೆ ಆಗ್ತದೆ!"

ಕೊನೆಗೆ ಮರೈಕೆ ಬಂದರು. ಊರುಗೋಲು ಹಿಡಿದ ಸಣಕಲು ಹೆಂಗಸು. ತಮ್ಮ ಊರಿನ ಚರ್ಚಿನಲ್ಲಿ ಹಾಡುತ್ತಿದ್ದರಂತೆ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನಿಮ್ಮವರಿಗೆ ತೊಡೆಸೆಳೆತ, ಪದವನ್ನು ತಾವೇ ಹೇಳಿದರು ಎಂದು ನನ್ನ ಸಾಧನೆ ವರದಿ ಮಾಡಿ, ಡೈ-ಕ್ರಂಪ್ ಎಂದು ಬಿಡಿಸಿ ಓದಿದೆ. ಹೆಂಕ್ ತಲೆ ಬಡಿದುಕೊಳ್ಳುವವರ ಹಾಗೆ ಮಾಡಿದರು. ಹೆಂಡತಿಯ ಕಡೆ ತಿರುಗಿ ಅದನ್ನೇ ಹೇಳಿದರು. ಈಗ ನನಗೂ ಕೇಳಿಸಿತು. 'ಕ' ಮುಂದಿನ ತುಂಡಿಗೆ ಹೋಗುತ್ತಿರಲಿಲ್ಲ, ಹಿಂದಿನದಕ್ಕೆ ಅಂಟಿಕೊಂಡಿತ್ತು. ಡೈಕ್. ಒಂದು ಕ್ಷಣ ಬಿಡುವು. ರಂಪ್.

ಮರೈಕೆ ಬಾಯಿಗೆ ಕೈ ಹಿಡಿದರು. "ತೊಡೆಯಲ್ಲ! ಡೈಕ್ ಅಂದರೆ ಕಡಲಿಗೆ ಅಡ್ಡ ಹಾಕುವ ಒಡ್ಡು. ರಂಪ್ ಅಂದರೆ ದೊಡ್ಡ ಅನಾಹುತ."

ನಾನು ನನ್ನ ಬರಹವನ್ನೇ ನೋಡುತ್ತ ಕೂತೆ. ಇಂಥ ತಪ್ಪು ಮಾಡಲು ಕನ್ನಡದವಳೇ ಆಗಬೇಕು. ನಮ್ಮ ಲಿಪಿಯಲ್ಲಿ ಕ್ ಆದ ಮೇಲೆ ರ ಬಂದರೆ ಸಾಕು, ರ ಓಡಿಬಂದು ಕ ಕೆಳಗೆ ಒತ್ತಾಗಿ ಕೂತುಬಿಡುತ್ತದೆ. ಎರಡು ಪದಗಳ ನಡುವಿನ ಗೋಡೆಯನ್ನು ನನ್ನ ರ ಒತ್ತು ಒಡೆದುಹಾಕಿತ್ತು. 'ಕಣ್ಣೀರು' ಎಂಬುದನ್ನು ಕ-ಣ್ಣೀ-ರು ಎಂದು ಬಿಡಿಸಿದರೆ ಅಕ್ಷರವೇನೋ ಸರಿ, ಆದರೆ ಒಳಗಿದ್ದ ಕಣ್ಣೂ ಹೋಯಿತು, ನೀರೂ ಹೋಯಿತು. ಸಮಾಸ ಬಿಡಿಸಿ ಬರೆಯಿರಿ ಎಂದರೆ ಹೀಗೆ ಮಾಡುವ ಮಕ್ಕಳನ್ನು ನೋಡಿ ನಕ್ಕಿದ್ದವಳು ನಾನು. ಅವತ್ತಿನಿಂದ ಡಚ್ ಪದಗಳನ್ನು ತುಂಡು ತುಂಡಾಗಿ, ನಡುವೆ ಜಾಗ ಬಿಟ್ಟೇ ಬರೆದುಕೊಂಡೆ. ರಂಪ್ ಎಂದರೆ ಅನಾಹುತ ಎಂಬುದು ಮಾತ್ರ ಮರೆಯಲೇ ಇಲ್ಲ, ನಮ್ಮ ರಂಪ ರಾಮಾಯಣದ ರಂಪವೇ ಅಲ್ಲವೇ!

ಯಾವ ಒಡ್ಡು, ಏನು ಅನಾಹುತ? ಮರೈಕೆಗೂ ತಿಳಿಯದು. "ಹೊರಗೆ ಬೆಂಚಿನ ಮೇಲೆ ದಿನಾ ಒಬ್ಬ ಹುಡುಗ ಕೂತಿರುತ್ತಾನಲ್ಲ, ಅವನು ಹೆಂಕ್ ಕೈಕೆಳಗಿನ ಎಂಜಿನಿಯರ್ ಅಂತೆ. ಅವನನ್ನು ಕೇಳಿ," ಎಂದರು.

ಅವನನ್ನು ನಾನೂ ನೋಡಿದ್ದೆ. ಒಳಗೆ ಬಾರದೆ, ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತು ಎದ್ದು ಹೋಗುವವನು. ನಾನೂ ಗ್ಲಾಡಿಸಳೂ ಕನ್ನಡ ಮಾತಾಡುವುದನ್ನು ಕೇಳಿ ಒಂದೆರಡು ಸಲ ಬಾಯಿ ತೆರೆದು ಮುಚ್ಚಿದ್ದನಂತೆ. ಹೆಸರು ವೀರೇಶ, ಬಾಗಲಕೋಟೆ ಕಡೆಯವನು. ಕೇಳಿದ್ದೇ ತಡ, ಕಟ್ಟೆಯೊಡೆದಂತೆ ಹೇಳಿದ.

"ಅಕ್ಕಾರ, ಕಡಲಾಗ ಒಡ್ಡು ಹಾಕಿ, ಒಳಗಿನ ನೀರು ತಗದು, ತಗ್ಗಿನಾಗ ಮಂದಿ ಕೆಲಸ ಮಾಡಾಕತ್ತಿದ್ರು. ಅವತ್ತ ಕಡಲು ಏರಿ ಒಡ್ಡು ಒತ್ತಾಕತ್ತಿತ್ರಿ. ಸಾಹೇಬ್ರು ರೇಡಿಯೋದಾಗ ಹೇಳಿದ್ರು, ಮಂದಿನ್ನ ಮ್ಯಾಲ ಹತ್ತಿಸು, ಆಮ್ಯಾಲ ಕಡೀ ಮೂಲ್ಯಾಗ ಒಡ್ಡು ಕತ್ತರಿಸಿ ಸಾವಕಾಶ ನೀರು ಒಳಗ ಬಿಡು ಅಂತ. ಬಿಡಲಿಲ್ಲಂದ್ರ ಒಡ್ಡು ಒಮ್ಮೆಲೆ ಹಾರಿ ಹೋಗ್ತಿತ್ರಿ. ನಾ ಹಂಗs ಮಾಡಿದೆ. ಯಂತ್ರ ಮುಳುಗಿದ್ವು ಖರೆ, ಒಂದು ಹೆಣ ಬೀಳಲಿಲ್ಲ. ಮರುದಿನ ಸಾಹೇಬ್ರು ಬಿದ್ರು. ಈಗ ಆಫೀಸಿನಾಗ ಎಲ್ಲಾರೂ, ಹೇಳದ ಕೇಳದ ನಾನs ಒಡ್ಡು ಒಡದೀನಿ ಅಂತಾರ. ಹೇಳಿದ ಸಾಹೇಬ್ರಿಗೆ ಬಾಯಿಲ್ಲ. ನನಗ ಬಾಯಿದ್ರೂ ಕೇಳಾವ್ರಿಲ್ಲ."

ಆ ಜಾಗದಲ್ಲಿ ರೇಡಿಯೋ ಮಾತು ಮುದ್ರಣವಾಗುತ್ತಿರಲಿಲ್ಲ. ಕಂಪನಿ ವಿಚಾರಣೆ ನಡೆಸುತ್ತಿತ್ತು. ತಪ್ಪು ಅವನದೆಂದಾದರೆ ಕೆಲಸ ಹೋಗುತ್ತದೆ, ಆ ಹೆಸರು ಹೊತ್ತವನಿಗೆ ಕೊಲ್ಲಿಯಲ್ಲಿ ಇನ್ನೆಲ್ಲೂ ಕೆಲಸ ಹುಟ್ಟುವುದಿಲ್ಲ. ಇನ್ನೂ ಮದುವೆಯಾಗದ ಹುಡುಗ, ಬೇರೆ ಕೆಲಸ ನೋಡಿಕೊಳ್ಳಬಹುದು ಬಿಡು ಎಂದು ನಾನು ಸಮಾಧಾನಕ್ಕೆ ಹೇಳಿದೆ.

"ಕೆಲಸ ಹೋದ್ರ ಹೋಗ್ಲಿರಿ. ನಮ್ಮಪ್ಪ ಕೆರಿ ಒಡ್ಡು ಕಾಯೂ ನೀರಗಂಟಿರಿ, ಅಕ್ಕಾರ. ಅಂಥಾ ಮನಿತನದಾಂವ ಒಡ್ಡು ಒಡದು ಬಂದಾನ ಅಂದ್ರ ನಾ ಯಾವ ಮಾರಿ ತಗೊಂಡು ಹೋಗ್ಲಿ?"

ನೇರ ಕುರಿಯನ್ ಕೋಣೆಗೆ ಹೋಗಿ, ಹೆಂಕ್ ಹತ್ತಿರ ಆ ಮಾತು ಹೇಳಿಸಿಯೇ ತೀರುತ್ತೇನೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

"ಮಾತು ಬರಿಸುವುದು ನಿಮ್ಮ ಕೆಲಸ. ಯಾವ ಮಾತು ಅನ್ನುವುದು ಅವರ ಕೆಲಸ. ನಿಮ್ಮೂರ ಹುಡುಗನಿಗಾಗಿ ನೀವು ಗಿಣಿಪಾಠ ಮಾಡಿಸಿದಿರಿ ಎಂದು ನಾಳೆ ಯಾರಾದರೂ ಅಂದರೆ, ಆ ಹುಡುಗನೂ ಮುಳುಗುತ್ತಾನೆ, ನೀವೂ ಮುಳುಗುತ್ತೀರಿ."

ಸಿಟ್ಟು ಬಂತು. ಸರಿಯಾದ ಮಾತಿಗೆ ಬರುವ ಸಿಟ್ಟೇ ಬೇರೆ, ಅದಕ್ಕೆ ಎದುರು ಹೇಳಲು ಏನೂ ಇರುವುದಿಲ್ಲ. ಈ ಕೆಲಸಕ್ಕೆ ಬರುವವರು ಕುರಿಯನ್ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಬಾಯಿಲ್ಲದವನ ಬಾಯಲ್ಲಿ ನಮ್ಮ ಮಾತು ತುರುಕುವುದು ಬಹಳ ಸುಲಭ.

ಮುಂದಿನ ದಿನಗಳಲ್ಲಿ ಮರೈಕೆ ನನಗೆ ಮೇಷ್ಟ್ರಾದರು. ಜೋಡುಪದಗಳಲ್ಲಿ ಸಾಧಾರಣವಾಗಿ ಮೊದಲ ತುಂಡಿನ ಮೇಲೆ ಭಾರ ಬೀಳುತ್ತದೆ, ಮಿಕ್ಕದ್ದು ಅದರ ಹಿಂದೆ ಹಗುರವಾಗಿ ಬರುತ್ತದೆ ಎಂದು ಹಾಡುವವರ ಹಾಗೆ ಕೈಯಾಡಿಸಿ ತೋರಿಸಿದರು. ಹೂಳೆತ್ತುವ ಹಡಗಿಗೆ ಬಾಖರ್‌ಸ್ಖಿಪ್. ಬಾ ಮೇಲೆ ಗುದ್ದು. ಒಡ್ಡಿನ ಅನಾಹುತಕ್ಕೆ ಡೈಕ್‌ರಂಪ್; ಡೈಕ್ ಮೇಲೆ ಗುದ್ದು. ನಮ್ಮ ಕನ್ನಡದಲ್ಲಿ ಗುರು ಲಘು ಉಂಟೇ ಹೊರತು ಇಂಥ ಗುದ್ದು ಅರ್ಥ ಬದಲಿಸುವುದಿಲ್ಲ. 'ಮನೆ' ಎಂಬುದನ್ನು ಎಲ್ಲಿ ಒತ್ತಿ ಹೇಳಿದರೂ ಅದು ಮನೆಯೇ. ಹಾಗಾಗಿ ನನಗೆ ಇದು ಶೃಂಗಾರಕ್ಕೆ ಇಟ್ಟ ಬೊಟ್ಟಿನಂತೆ ಕಂಡಿತ್ತು. ಎಲ್ಲಕ್ಕೂ ಮುಂದೆ ಗುದ್ದಿದರೆ ಆಯಿತು ಎಂದು ನಿಯಮ ಮಾಡಿಕೊಂಡೆ.

ಮರೈಕೆ ಗಂಡನ ಸಾಮಾನು ಕಟ್ಟಿಸಲು ಸೂರ್ ಕಡೆಗೆ ಹೋಗಿದ್ದಾಗ ಹೆಂಕ್ ಇನ್ನೊಂದು ಪದಕ್ಕೆ ತಡಕಾಡತೊಡಗಿದರು. ಫೋರ್... ಕೋ... ನಿಘಂಟಿನಲ್ಲಿ ಹುಡುಕಿದೆ: ಫೋರ್‌ಕೋಮೆನ್. ಒಂದೇ ಕಾಗುಣಿತಕ್ಕೆ ಒಂದರ ಕೆಳಗೊಂದು ಎರಡು ಸಾಲು, ಅಕ್ಷರದ ನೆತ್ತಿಯ ಮೇಲೆ ಸೊಳ್ಳೆ ಕೂತಂಥ ಒಂದು ಗೆರೆ. ಆ ಗೆರೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪದ ಅವರದೇ, ಅದನ್ನು ಪೂರ್ತಿ ಮಾಡಿಸುತ್ತಿದ್ದೇನೆ, ಗಿಣಿಪಾಠವಲ್ಲ ಎಂಬ ಧೈರ್ಯದಲ್ಲಿ ನನ್ನ ನಿಯಮದಂತೆ ತಟ್ಟಿಸಿದೆ. ಮುಂದೆ ಭಾರ, ಹಿಂದೆ ಎರಡು ಹಗುರ. ಹೆಂಕ್ ತಲೆಯಾಡಿಸಿ ಬೇಡವೆಂದರು. ಆಯಾಸವಿರಬೇಕು ಎಂದುಕೊಂಡೆ. ಮತ್ತೆ ಮತ್ತೆ ತಟ್ಟಿಸಿ, ಆ ನಾಲಿಗೆಗೆ ಅದನ್ನೇ ರೂಢಿ ಮಾಡಿಸಿಬಿಟ್ಟೆ.

ಆ ನಡುವೆಯೇ ಪೀಟರ್ ಬಂದರು. ವೀರೇಶ ಬಾಗಿಲ ಬಳಿ ನಿಂತಿದ್ದ. ಹೆಂಕ್ ಅವನ ಕಡೆ ಬೆರಳು ತೋರಿಸಿ, ಒಂದೊಂದನ್ನೂ ಬಾವಿಯಿಂದ ಸೇದಿದ ಹಾಗೆ ತೆಗೆದರು. "ಫೇರೇಶ್... ಡೈಕ್‌ರಂಪ್... ಫೋರ್‌ಕೋಮೆನ್." ಮೂರು ಪದ! ನಾನು ಹೆಮ್ಮೆಯಿಂದ ಉಬ್ಬಿದೆ. ಪೀಟರ್ ನಿಟ್ಟುಸಿರು ಬಿಟ್ಟು ಅವರ ಭುಜ ತಟ್ಟಿದರು. "ಪಾಪ, ಗೊತ್ತಿರುವುದನ್ನೇ ಹೇಳುತ್ತಿದ್ದಾರೆ," ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ ಎದ್ದರು. ಹೆಂಕ್ ಮೇಜಿಗೆ ಬಡಿದು ಗರ್ಜಿಸಿದರು. ಬೈಗುಳಗಳೆಲ್ಲ ಸ್ಪಷ್ಟವಾಗಿ ಬಂದವು. ಪೀಟರ್ ಅಷ್ಟು ಹೊತ್ತಿಗೆ ಹೊರಟಾಗಿತ್ತು.

ಮರೈಕೆ ಮರಳಿ ಬಂದ ಮೇಲೆ ನಡೆದದ್ದನ್ನು ಹೇಳಿ, ಆ ಪದವನ್ನು ತಟ್ಟಿ ತೋರಿಸಿದೆ. ಅವರು ಊರುಗೋಲನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತುಬಿಟ್ಟರು.

"ವಸುಧಾ, ಮುಂದೆ ಒತ್ತಿದರೆ ಅದು 'ಸಂಭವಿಸುವುದು'. ನಡುವೆ, ಕೋ ಮೇಲೆ ಒತ್ತಿದರೆ, 'ಆಗದ ಹಾಗೆ ತಡೆಯುವುದು'. ಅಕ್ಷರ ಅವೇ. ಪದ ಬೇರೆ."

ಒಂದು ಒತ್ತು. ಅದು ಮುಂದೆ ಬಿದ್ದರೆ ವೀರೇಶನಿಂದ ಅನಾಹುತವಾಯಿತು. ನಡುವೆ ಬಿದ್ದರೆ ಅನಾಹುತವನ್ನು ವೀರೇಶ ತಡೆದ. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಬೆರಳುಗಳಿಂದ ತೊಡೆಯ ಮೇಲೆ ತಟ್ಟಿಕೊಳ್ಳುತ್ತ ಹೋದೆ. ಗುರು ಲಘು ಲಘು. ಲಘು ಗುರು ಲಘು. ಥಟ್ಟನೆ ಹೈಸ್ಕೂಲಿನ ಛಂದಸ್ಸು ನೆನಪಾಯಿತು. ಗುರು ಮೊದಲಿಗೆ ಬಂದರೆ ಭಗಣ, ನಡುವೆ ಬಂದರೆ ಜಗಣ. ಈ ಗಣಗಳನ್ನು ಕಟ್ಟಿಕೊಂಡು ಜೀವನದಲ್ಲಿ ಏನು ಮಾಡುವುದಿದೆ ಎಂದು ಆಗ ಗೊಣಗಿದ್ದೆ. ನಾನು ಆ ಮನುಷ್ಯನ ಬಾಯಿಗೆ ಜಗಣದ ಬದಲು ಭಗಣ ಕೂರಿಸಿದ್ದೆ.

ಈಗ ತಿದ್ದುವುದು ಹೇಗೆ? ಬರೀ ಜಗಣ ಕಲಿಸಿದರೆ ಕುರಿಯನ್ ಹೇಳಿದ ಗಿಣಿಪಾಠವೇ. ಅದಕ್ಕೆ ಎರಡನ್ನೂ ಸರಿಸಮ ಕಲಿಸಿದೆ. ಮರೈಕೆ ಎರಡು ಚಿತ್ರ ಬರೆದುಕೊಟ್ಟರು; ಒಂದರಲ್ಲಿ ನೀರಿನಲ್ಲಿ ಮುಳುಗಿದ ಮನೆ, ಇನ್ನೊಂದರಲ್ಲಿ ನೀರಿಗೆ ಅಡ್ಡ ಹಿಡಿದ ಅಂಗೈ. ಯಾವುದು ಮೊದಲು ಬರುತ್ತದೆಂದು ನನಗೂ ತಿಳಿಯದ ಹಾಗೆ ಅವನ್ನು ಕಲೆಸಿ ಎತ್ತುತ್ತಿದ್ದೆವು. ಕುರಿಯನ್ ಆಗಾಗ ಬಂದು ಸುಮ್ಮನೆ ನಿಂತು ನೋಡಿ ಹೋಗುವರು. ಈಗಿನವರ ಕೈಯಲ್ಲಿ ಟ್ಯಾಬ್ಲೆಟ್ ಇದೆ, ಬೆರಳಿಟ್ಟರೆ ಯಾವ ಭಾಷೆಯ ಪದವನ್ನಾದರೂ ಅದು ಉಚ್ಚರಿಸಿ ತೋರಿಸುತ್ತದೆ, ಒಳ್ಳೆಯದೇ. ನಮಗೆ ಆಗ ಇದ್ದದ್ದು ಒಂದು ಮೇಜು. ಹೆಂಕರ ಕೈ ಎರಡನ್ನೂ ಬೇಗ ಕಲಿತುಕೊಂಡಿತು. ಬಾಯಿ ಮಾತ್ರ ಕೋ ತನಕ ಬಂದು ಎಡವುತ್ತಿತ್ತು, ಇಲ್ಲವೇ ನಾನು ಹಾಕಿಕೊಟ್ಟ ಹಳೆಯ ಜಾಡಿಗೇ ಜಾರುತ್ತಿತ್ತು. ಹಾಗೆ ಜಾರಿದಾಗಲೆಲ್ಲ ಅವರು ನನ್ನನ್ನು ನೋಡಿ ನಗುತ್ತಿದ್ದರು. ನಾನು ನಗಲಾರದೆ ಹೋಗುತ್ತಿದ್ದೆ.

ಅವರನ್ನು ಹಾಲೆಂಡಿಗೆ ಕರೆದೊಯ್ಯುವ ದಿನ ಗೊತ್ತಾಯಿತು. ಹೊರಡುವ ಮುನ್ನ ಬೀಳ್ಕೊಡಲು ಪೀಟರ್ ಬರುತ್ತಾರೆಂದೂ, ವೀರೇಶನನ್ನು ತೆಗೆಯುವ ಕಾಗದ ಅವರ ಸಹಿಗೆ ಕಾದಿದೆಯೆಂದೂ ತಿಳಿಯಿತು. ವೀರೇಶನಿಗೆ ಬರಬೇಡ ಎಂದೆ. "ಸಾಹೇಬ್ರಿಗೆ ಕೈ ಮುಗಿದು ಹೋಗ್ತೀನ್ರಿ ಅಕ್ಕಾರ, ಇಷ್ಟs," ಎಂದು ಬಂದ.

ನನ್ನ ಆ ಸಿಲಿಂಡರ್ ಕೋಣೆಯಲ್ಲೇ ಎಲ್ಲರೂ ಸೇರಿದೆವು. ಹೆಂಕ್ ಗಾಲಿಕುರ್ಚಿಯಲ್ಲಿ, ಎದುರಿಗೆ ಪೀಟರ್, ಪಕ್ಕದಲ್ಲಿ ಮರೈಕೆ, ಬಾಗಿಲಲ್ಲಿ ಕುರಿಯನ್, ಅವರ ಹಿಂದೆ ವೀರೇಶ. ಸಲೀಮ್ ಚಹಾ ತಂದಿಟ್ಟ. ಪೀಟರ್ ಒಳ್ಳೆಯ ಮನುಷ್ಯರೇ. ಹೆಂಕರ ಕೈ ಹಿಡಿದು ಏನೋ ಮೆಲ್ಲಗೆ ಹೇಳಿದರು. ಹೆಂಕ್ ಆ ಕೈಯನ್ನು ಬಿಡಿಸಿಕೊಂಡರು.

"ಫೇರೇಶ್," ಎಂದರು. ಬಾಗಿಲಿನತ್ತ ಬೆರಳು. "ಡೈಕ್... ರಂಪ್." ನಡುವಿನ ಗೋಡೆ ಭದ್ರವಾಗಿತ್ತು. ಆಮೇಲೆ, "ಫೋ..."

ಅಷ್ಟೇ. ತುಟಿ ಗುಂಡಗಾಗಿ ನಿಂತುಬಿಟ್ಟಿತು. ಕುತ್ತಿಗೆಯ ನರ ಉಬ್ಬಿತು. ನನ್ನ ನಾಲಿಗೆಯ ತುದಿಯಲ್ಲಿ ಆ ಪದ ಕುಣಿಯುತ್ತಿತ್ತು. ಕೈ ತಾನಾಗಿಯೇ ಮೇಜಿನ ಕಡೆ ಹೋಯಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಮರೈಕೆ ಕಣ್ಣು ಮುಚ್ಚಿಕೊಂಡಿದ್ದರು. ದೇವರೇ, ಭಗಣ ಬಾರದಿರಲಿ ಎಂದು ನಾನು ಬೇಡಿಕೊಂಡೆ. ಅಂಥ ಬೇಡಿಕೆಯನ್ನು ಯಾವ ದೇವರೂ ಕೇಳಿರಲಾರ.

ಹೆಂಕ್ ಬಾಯಿ ಮುಚ್ಚಿದರು. ಆಯಿತು, ಸೋತರು ಎಂದುಕೊಂಡೆವು. ಅವರು ಎಡಗೈ ಮುಷ್ಟಿ ಎತ್ತಿದರು. ಮೇಜಿನ ಮೇಲೆ ಮೆಲ್ಲಗೆ ಒಂದು ತಟ್ಟು. ಆಮೇಲೆ ಚಹಾ ಲೋಟ ಎಗರುವಂಥ ಗುದ್ದು. ಆಮೇಲೆ ಮತ್ತೆ ಮೆಲ್ಲಗೆ ಒಂದು.

ಅವರು ಪೀಟರರ ಕಣ್ಣನ್ನೇ ನೋಡುತ್ತ ಮತ್ತೆ ತಟ್ಟಿದರು. ಲಘು, ಗುರು, ಲಘು.

ಪೀಟರರ ತುಟಿ ಸದ್ದಿಲ್ಲದೆ ಆಡಿತು. ತಮ್ಮ ತಾಯಿನುಡಿಯ ಒಂದು ಪದ ಅಕ್ಷರವೇ ಇಲ್ಲದೆ ಬರೀ ಏಟಿನಲ್ಲಿ ಅವರಿಗೆ ಕೇಳಿಸಿತ್ತು. "ಫೋರ್‌ಕೋಮೆನ್?" ಎಂದರು, ಭಾರವೆಲ್ಲ ನಡುವೆ ಇಟ್ಟು. ಆಮೇಲೆ ಡಚ್ಚಿನಲ್ಲಿ ಇನ್ನೇನೋ ಕೇಳಿದರು. ಒಡ್ಡು ಕತ್ತರಿಸು ಎಂದು ಹೇಳಿದ್ದು ಯಾರು ಎಂದು ಕೇಳಿದರೆಂದು ಮರೈಕೆ ಆಮೇಲೆ ಹೇಳಿದರು.

ಹೆಂಕ್ ಯಾ ಎನ್ನಲಿಲ್ಲ. ಮುಷ್ಟಿಯಿಂದ ತಮ್ಮ ಎದೆಗೇ ಗುದ್ದಿಕೊಂಡರು. "ಇಕ್," ಎಂದರು. ನಾನು. ಆ ಪದವನ್ನು ಅವರಿಗೆ ನಾವು ಯಾರೂ ಕಲಿಸಿರಲಿಲ್ಲ.

ಪೀಟರ್ ಎದ್ದು ಬಾಗಿಲಿಗೆ ಹೋಗಿ ವೀರೇಶನ ಕೈ ಕುಲುಕಿದರು. ಅವನನ್ನು ತೆಗೆಯುವ ಕಾಗದ ಇನ್ನಿಲ್ಲ, ನಾಳೆಯಿಂದ ಸೈಟಿಗೆ ಹೋಗು ಎಂದು ಇಂಗ್ಲಿಷಿನಲ್ಲಿ ಹೇಳಿ, ನಿಲ್ಲಲಾರದೆ ಹೊರಗೆ ನಡೆದರು. ಕುರಿಯನ್ ಕನ್ನಡಕ ತೆಗೆದು ಒರೆಸುತ್ತಿದ್ದರು. ಅದು ಪ್ರಾಕ್ಟಿಕಲ್ ಆಗಿ ಮಂಜಾಗಿರಬೇಕು. ನಾನಂತೂ ಮುಚ್ಚುಮರೆಯಿಲ್ಲದೆ ಅತ್ತೆ.

ವೀರೇಶ ನನ್ನ ಹತ್ತಿರ ಬಂದ. ಏನು ನಡೆಯಿತೆಂದು ಅವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ.

"ಅಕ್ಕಾರ, ಸಾಹೇಬ್ರು ಆ ಕಡೀ ಮಾತು ಬಾಯಿ ಬಿಟ್ಟು ಹೇಳಲಿಲ್ಲ, ಬರೇ ಮೇಜು ಗುದ್ದಿದ್ರು. ಏನಂದ್ರರಿ ಅವ್ರು?"

"ಜಗಣ ಅಂದರು ಕಣಪ್ಪ," ಎಂದೆ.

ಅವನು ನನ್ನನ್ನೇ ನೋಡಿದ. ಬೆರಳು ಮಡಿಚಿ ಎಣಿಸಿಕೊಂಡ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ, ನಗುತ್ತ ಹೇಳಿದ.

"ಹತ್ತನೇತ್ತಾಗ ನಾ ಜಗಣಕ್ಕ ಭಗಣ ಅಂತ ಬರದು ಮಾಸ್ತರ ಕಡೆ ಬಡಿಸಿಕೊಂಡಿದ್ದೆ ರೀ, ಅಕ್ಕಾರ."